ಎಷ್ಟು ದನ ಇವೆ ಅಂತ ಕೇಳಬಾರದು

ಅಮೆರಿಕದ ಪಶ್ಚಿಮ ಸೀಮೆಯಲ್ಲಿ ದನ ಸಾಕುವವರ ಜೊತೆ ಮಾತಿಗೆ ಕೂತಾಗ ಒಂದು ಪ್ರಶ್ನೆಯನ್ನು ಮಾತ್ರ ಕೇಳಬಾರದು: "ನಿಮ್ಮ ಹತ್ತಿರ ಎಷ್ಟು ದನ ಇವೆ?" ನನಗೆ ಗೊತ್ತಿರಲಿಲ್ಲ, ಕೇಳಿಬಿಟ್ಟೆ. ನೆವಾಡ ರಾಜ್ಯದ ಉತ್ತರ ಭಾಗದ ಒಂದು ಸಣ್ಣ ಊರಿನ ಗ್ರಂಥಾಲಯದಲ್ಲಿ, ಕಾಗದದ ಲೋಟದಲ್ಲಿ ಕಾಫಿ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಜ್ಜನನ್ನು. ಅವರು ಟೋಪಿಯ ಅಂಚು ಸರಿಮಾಡಿಕೊಂಡು "ಇವೆ, ಒಂದಷ್ಟು" ಅಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಒಬ್ಬರು ತಿಳಿಸಿ ಹೇಳಿದರು: ದನದ ಲೆಕ್ಕ ಕೇಳುವುದೆಂದರೆ ಬ್ಯಾಂಕಿನಲ್ಲಿ ಎಷ್ಟಿಟ್ಟಿದ್ದೀರಿ ಎಂದು ಕೇಳಿದ ಹಾಗೆ. ಹೊಸಬರೆಂದು ಬಿಟ್ಟರು, ಅಷ್ಟೇ.

ಈ ನಿಯಮ ಯಾವ ಇತಿಹಾಸದ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಗ್ರಂಥಾಲಯಕ್ಕೆ ಹೋಗಿದ್ದರಿಂದ ಸಿಕ್ಕಿತು, ಅದೂ ಅಲ್ಲಿನ ಕಪಾಟಿನಿಂದಲ್ಲ. ಅಮೆರಿಕದ ಹಳ್ಳಿಗಾಡಿನ ಗ್ರಂಥಾಲಯಗಳಲ್ಲಿ ಸಂಜೆ ಹೊತ್ತು ನಡೆಯುವ ರ‍್ಯಾಂಚ್ ಎಂಬ ದನ ಸಾಕಣೆಯ ಬದುಕಿನ ಮಾತುಕತೆಗಳು ಯಾಕೆ ಬೇಕು ಎಂಬುದಕ್ಕೆ ಇಷ್ಟೇ ಉತ್ತರ ಸಾಕಾಗಬಹುದು. ಆದರೆ ಇದರ ಹಿಂದೆ ಭೂಮಿ, ಸರ್ಕಾರ, ಹಗ್ಗ, ಪದ್ಯ, ಮರ, ಮೊಕದ್ದಮೆ ಎಲ್ಲ ಇದೆ. ಒಂದೊಂದಾಗಿ ಬಿಡಿಸೋಣ.

ಮೊದಲು ನೆಲದ ವಿಚಾರ. ಉತ್ತರ ನೆವಾಡದ ಎಲ್ಕೋ ಕೌಂಟಿ ಸುಮಾರು 44,500 ಚದರ ಕಿಲೋಮೀಟರ್. ಇಡೀ ಕೇರಳ ಅದರೊಳಗೆ ಕೂತರೂ ಇನ್ನೂ ಜಾಗ ಮಿಕ್ಕುತ್ತದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಹತ್ತಿರಹತ್ತಿರ 54 ಸಾವಿರ ಜನ. ನಮ್ಮ ಒಂದು ಮಧ್ಯಮ ತಾಲ್ಲೂಕು ಕೇಂದ್ರದಷ್ಟು ಜನ ಒಂದು ರಾಜ್ಯದಷ್ಟು ನೆಲದಲ್ಲಿ ಚದುರಿಕೊಂಡರೆ ಹೇಗಿರುತ್ತದೋ ಹಾಗೆ. ಎತ್ತರದ ಮರುಭೂಮಿ. ಸೇಜ್‌ಬ್ರಷ್ ಎಂಬ ಬೂದುಹಸಿರು ಪೊದೆ, ಅದರ ಕಹಿ ವಾಸನೆ, ಆಚೆಗೆ ಹಿಮ ಹೊತ್ತ ಬೆಟ್ಟದ ಸಾಲು. ಮಳೆ ಕಡಿಮೆ, ಚಳಿ ವಿಪರೀತ.

ರ‍್ಯಾಂಚ್ ಅಂದರೆ ನಮ್ಮ ಡೇರಿಯಲ್ಲ. ಹಾಲಿನ ಮಾತೇ ಇಲ್ಲ. ತಾಯಿಹಸುಗಳ ಮಂದೆ ಇಟ್ಟುಕೊಂಡು, ಚಳಿ ಹಿಂದೆಗೆಯುವ ಹೊತ್ತಿಗೆ ಕರು ಹಾಕಿಸಿ, ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಬಿಟ್ಟು, ಶರತ್ಕಾಲದಲ್ಲಿ ಇಳಿಸಿ ತಂದು ಬೆಳೆದ ಕರುಗಳನ್ನು ಮಾಂಸದ ಮಾರುಕಟ್ಟೆಗೆ ಮಾರುವ ಕಸುಬು. ವರ್ಷಕ್ಕೆ ಒಂದೇ ಸಲ ದುಡ್ಡು ಕೈಗೆ ಬರುತ್ತದೆ. ಬೆಟ್ಟದ ಹುಲ್ಲು ಯಾರದು? ನೆವಾಡದ ಶೇಕಡ 80ರಷ್ಟು ಭೂಮಿ ಕೇಂದ್ರ ಸರ್ಕಾರದ್ದು. ನಮ್ಮ ಮಾತಿನಲ್ಲಿ ಹೇಳುವುದಾದರೆ ರಾಜ್ಯಕ್ಕೆ ರಾಜ್ಯವೇ ಗೋಮಾಳ, ಆದರೆ ಚೀಟಿ ಇಲ್ಲದೆ ದನ ಬಿಡುವಂತಿಲ್ಲ. ಒಂದು ಹಸು, ಅದರ ಕರು, ಒಂದು ತಿಂಗಳ ಮೇವು: ಇದನ್ನು ಒಂದು ಘಟಕವೆಂದು ಹಿಡಿದು ಸರ್ಕಾರ ಬಾಡಿಗೆ ವಸೂಲಿ ಮಾಡುತ್ತದೆ. ಕನಿಷ್ಠ ದರ 1.35 ಡಾಲರ್, ಹಲವು ವರ್ಷ ಈ ಕನಿಷ್ಠದಲ್ಲೇ ನಿಂತಿತ್ತು. ಇದು ತೀರಾ ಅಗ್ಗವೆಂದು ಪರಿಸರದವರು, ಬೇಲಿ ನೀರು ಎಲ್ಲ ನಮ್ಮ ಖರ್ಚೆಂದು ರ‍್ಯಾಂಚಿನವರು. ಈ ಜಗಳ ಮುಗಿಯುವಂಥದ್ದಲ್ಲ. ಹುಲ್ಲಿನ ಚೀಟಿ ಎಷ್ಟು ದನಕ್ಕೆ ಇದೆ, ಬೆಟ್ಟದಲ್ಲಿ ನಿಜವಾಗಿ ಎಷ್ಟು ಮೇಯುತ್ತಿವೆ ಎಂಬ ಕುತೂಹಲವೂ ಆ "ಎಷ್ಟು ದನ" ಎಂಬ ಪ್ರಶ್ನೆಯ ಹಿಂದೆ ಅಡಗಿರಬಹುದಲ್ಲ! ಅಜ್ಜನ ಬಿಗುಮಾನ ನನಗೆ ಅರ್ಥವಾದದ್ದು ಆಮೇಲೆ.

ಇಂಥ ಊರಲ್ಲಿ ಗ್ರಂಥಾಲಯ ಎಂದರೆ ಟಿಕೆಟ್ ಇಲ್ಲದೆ, ಏನನ್ನೂ ಕೊಳ್ಳದೆ, ಯಾವ ಚರ್ಚಿಗೂ ಪಕ್ಷಕ್ಕೂ ಸೇರದೆ ಬಂದು ಕೂರಬಹುದಾದ ಒಂದೇ ಬೆಚ್ಚನೆಯ ಕೋಣೆ. ನಮ್ಮ ಗ್ರಂಥಾಲಯಗಳ ಗೋಡೆಯ ಮೇಲೆ "ನಿಶ್ಶಬ್ದ" ಎಂಬ ಬೋರ್ಡು ಕಂಡೇ ಬೆಳೆದ ನನಗೆ, ಅಲ್ಲಿ ಮಾತಾಡಲಿಕ್ಕೆಂದೇ ಪ್ರತ್ಯೇಕ ಹಾಲ್ ಇರುವುದು ಮೊದಮೊದಲು ವಿಚಿತ್ರವೆನಿಸಿತ್ತು. ಮಡಚುವ ಕುರ್ಚಿ, ಕಾಫಿಯ ಫ್ಲಾಸ್ಕು, ಯಾರೋ ಮನೆಯಲ್ಲಿ ಮಾಡಿ ತಂದ ಬಿಸ್ಕತ್ತು. ಮಾತಾಡುವವರು ಕೆಲವೊಮ್ಮೆ ವಿಶ್ವವಿದ್ಯಾಲಯದಿಂದ ಬಂದವರು, ಕೆಲವೊಮ್ಮೆ ಕುದುರೆಗೆ ತಡಿ ಮಾಡುವ ಕಸುಬಿನವರು, ಕೆಲವೊಮ್ಮೆ ಮನೆತನದ ಕಥೆ ಬರೆದು ತಾವೇ ಅಚ್ಚುಹಾಕಿಸಿದ ನಿವೃತ್ತ ಶಿಕ್ಷಕಿ.

ಇವರನ್ನು ಕರೆಸುವುದಕ್ಕೆ ದುಡ್ಡು? ಸ್ವಲ್ಪ ಊರಿನ ತೆರಿಗೆ, ಸ್ವಲ್ಪ "ಗ್ರಂಥಾಲಯದ ಗೆಳೆಯರು" ಎಂಬ ಹೆಸರಿನ ಬಳಗಗಳು ಹಳೆ ಪುಸ್ತಕ ಮಾರಿ ಕೂಡಿಸಿದ್ದು. ಇನ್ನೊಂದು ದಾರಿ ಇತಿಹಾಸ, ಸಾಹಿತ್ಯದಂಥ ವಿಷಯಗಳಿಗೆ ಕೇಂದ್ರ ಸರ್ಕಾರದ ಹಣ ಕೊಡಲು 1965ರಲ್ಲಿ ಹುಟ್ಟಿದ ರಾಷ್ಟ್ರೀಯ ಮಾನವಿಕ ದತ್ತಿಯದು. ಅದರ ಹಣ ರಾಜ್ಯಗಳಿಗೂ ಪ್ರದೇಶಗಳಿಗೂ ಒಂದೊಂದರಂತೆ ಇರುವ 56 ಮಾನವಿಕ ಮಂಡಳಿಗಳಿಗೆ ಹರಿಯುತ್ತದೆ. ಹಲವು ಮಂಡಳಿಗಳು ಭಾಷಣಕಾರರ ಪಟ್ಟಿಯನ್ನೇ ಇಟ್ಟುಕೊಂಡಿರುತ್ತವೆ. ಗ್ರಂಥಪಾಲಕರು ಪಟ್ಟಿ ನೋಡಿ ಒಬ್ಬರನ್ನು ಕರೆಸಿಕೊಂಡರೆ ಗೌರವಧನದ ಬಹುಪಾಲು ಮಂಡಳಿಯಿಂದ. (ಅದೇ 1965ರಲ್ಲಿ ನಮ್ಮಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಆಸ್ತಿ ತೆರಿಗೆಯ ಮೇಲೆ ಶೇಕಡ 6 ಗ್ರಂಥಾಲಯ ಕರ ನಾವು ಕಟ್ಟುತ್ತಿರುವುದು ಅದರ ಪ್ರಕಾರವೇ. ರಸೀದಿ ತೆಗೆದು ನೋಡಿ.) 2025ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಈ ಮಂಡಳಿಗಳ ಅನುದಾನವನ್ನು ಒಮ್ಮೆಲೇ ರದ್ದು ಮಾಡಿತು. ಮೆಲನ್ ಪ್ರತಿಷ್ಠಾನ ಎಂಬ ಖಾಸಗಿ ದತ್ತಿಸಂಸ್ಥೆ 1.5 ಕೋಟಿ ಡಾಲರ್ ತುರ್ತು ನೆರವು ಕೊಟ್ಟು ಸ್ವಲ್ಪ ಆಸರೆಯಾಯಿತು. ದೊಡ್ಡ ನಗರದ ಮ್ಯೂಸಿಯಂ ಒಂದು ಅನುದಾನ ಹೋದರೆ ಇನ್ನೊಂದು ಬಾಗಿಲು ತಟ್ಟುತ್ತದೆ. ಹಳ್ಳಿಯ ಗ್ರಂಥಾಲಯದಲ್ಲಿ ಆ ಸಂಜೆಯ ಕುರ್ಚಿಗಳನ್ನು ಬಿಡಿಸುವವರೇ ಇರುವುದಿಲ್ಲ.

ಈಗ ಮಾತುಕತೆಯೊಳಗೆ ಬನ್ನಿ. ಆ ಸಂಜೆಯ ವಿಷಯ "ಬಕರೂ". ಟೆಕ್ಸಾಸಿನವ ಕೌಬಾಯ್ ಆದರೆ ನೆವಾಡದವ ಬಕರೂ. ಒಂದನ್ನು ಇನ್ನೊಂದೆಂದು ಕರೆದರೆ ಇಬ್ಬರಿಗೂ ಮುನಿಸು. ಮಾತಾಡಲು ಬಂದವರು ಚರ್ಮದ ಹಗ್ಗದ ಒಂದು ಸುರುಳಿಯನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟು "ಹಿಂದಕ್ಕೆ ದಾಟಿಸಿ" ಅಂದರು. ನನ್ನ ಕೈಗೆ ಬಂದಾಗ ಆಶ್ಚರ್ಯವಾಯಿತು. ನಯ, ಭಾರ, ಹಾವಿನ ಹಾಗೆ ಸ್ವಲ್ಪ ಜೀವಂತ. ಹದ ಮಾಡದ ಹಸಿ ತೊಗಲನ್ನು ಸಣ್ಣ ದಾರಗಳಾಗಿ ಸೀಳಿ, ನಾಲ್ಕೋ ಆರೋ ಎಂಟೋ ಎಳೆ ಹೆಣೆದ ಹಗ್ಗ. ಉದ್ದ 60 ಅಡಿ. ಹೆಸರು ರಿಯಾಟಾ.

ಇಲ್ಲಿದೆ ನೋಡಿ ಮರ್ಮ. ತೊಗಲಿನ ಹಗ್ಗ ಉದ್ದಕ್ಕೆ ಚೆನ್ನಾಗಿ ಹಾರುತ್ತದೆ, ಆದರೆ ಒಮ್ಮೆಲೇ ಜಗ್ಗಿದರೆ ತುಂಡಾಗುತ್ತದೆ. ಹಾಗಾಗಿ ದನದ ಕೊರಳಿಗೆ ಕುಣಿಕೆ ಬಿದ್ದ ಕೂಡಲೇ ಬಕರೂ ಹಗ್ಗದ ತನ್ನ ತುದಿಯನ್ನು ತಡಿಯ ಮುಂದಿನ ಕೊಂಬಿಗೆ ಕಟ್ಟುವುದಿಲ್ಲ. ಎರಡು ಸುತ್ತು ಸುತ್ತಿ, ಸ್ವಲ್ಪ ಸ್ವಲ್ಪ ಜಾರಬಿಡುತ್ತಾ, ಮೀನು ಹಿಡಿಯುವವನ ಹಾಗೆ ದನವನ್ನು ನಿಧಾನಕ್ಕೆ ನಿಲ್ಲಿಸುತ್ತಾನೆ. ಈ ಸುತ್ತುವಿಕೆಗೆ "ಡಾಲಿ" ಎನ್ನುತ್ತಾರೆ. ಸುತ್ತುವಾಗ ಹೆಬ್ಬೆರಳು ಮೇಲಕ್ಕಿರಬೇಕು. ಹಗ್ಗಕ್ಕೂ ಕೊಂಬಿಗೂ ನಡುವೆ ಸಿಕ್ಕಿದರೆ ಹೆಬ್ಬೆರಳು ಕೈಯಲ್ಲಿ ಉಳಿಯುವುದಿಲ್ಲ. ಇಷ್ಟು ಹೇಳುವಾಗ ಸಭೆಯಲ್ಲಿ ಒಬ್ಬರು ಸುಮ್ಮನೆ ತಮ್ಮ ಬಲಗೈ ಎತ್ತಿ ತೋರಿಸಿದರು. ನಾಲ್ಕು ಬೆರಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಅಯ್ಯೋ ಅನ್ನಲಿಲ್ಲ. ಭಾಷಣಕಾರರು ತಲೆದೂಗಿ ಮುಂದಕ್ಕೆ ಹೋದರು.

ಟೆಕ್ಸಾಸಿನಲ್ಲಿ ಮುಳ್ಳುಪೊದೆ ದಟ್ಟ; ಅಲ್ಲಿ 60 ಅಡಿ ಹಗ್ಗ ಬೀಸಲು ಜಾಗವೇ ಇಲ್ಲ. ಗಿಡ್ಡ ಹಗ್ಗ, ತುದಿಯನ್ನು ತಡಿಗೆ ಗಟ್ಟಿಯಾಗಿ ಕಟ್ಟಿಬಿಡುವುದು, ದನ ಪೊದೆಯೊಳಗೆ ನುಗ್ಗುವ ಮೊದಲೇ ಕೆಡವುವುದು. ಬಯಲಿನ ನೆವಾಡದಲ್ಲಿ ಅವಸರವಿಲ್ಲ. ನೆಲ ಹಗ್ಗದ ಉದ್ದವನ್ನು ನಿರ್ಧರಿಸಿತು, ಹಗ್ಗ ತಡಿಯ ಆಕಾರವನ್ನು, ಅದು ಸವಾರನ ಗತ್ತನ್ನು. "ಸ್ಥಳೀಯ ಸಂಸ್ಕೃತಿ" ಎಂಬ ಸವೆದ ಪದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ನಾನು ಕಂಡಿಲ್ಲ.

ಪದಗಳೂ ಹಾಗೆಯೇ. ಸ್ಪ್ಯಾನಿಷ್‌ನಲ್ಲಿ "ವಾಕಾ" ಎಂದರೆ ಹಸು, "ವಕೇರೋ" ಎಂದರೆ ದನಗಾಹಿ. ಸ್ಪ್ಯಾನಿಷರ ಬಾಯಲ್ಲಿ ವಕಾರ ಬಕಾರದ ಹತ್ತಿರ ಕೇಳುತ್ತದೆ. ಇಂಗ್ಲಿಷಿನವರು ಅದನ್ನು ಬಕರೂ ಮಾಡಿಕೊಂಡರು. "ಲಾ ರಿಯಾತಾ" ಲ್ಯಾರಿಯಟ್ ಆಯಿತು, "ಮೆಸ್ತೇನ್ಯೋ" ಎಂಬ ಒಡೆಯರಿಲ್ಲದ ಕುದುರೆ ಮಸ್ಟ್ಯಾಂಗ್ ಆಯಿತು. ಡಾಲಿ ಬಂದದ್ದು "ಒಂದು ಸುತ್ತು ಹಾಕು" ಎಂಬರ್ಥದ ಸ್ಪ್ಯಾನಿಷ್ ಮಾತಿನಿಂದ. ಕಾರಲ್, ರೋಡಿಯೋ, ರ‍್ಯಾಂಚ್ ಎಂಬ ಪದವೂ ಅಲ್ಲಿಯದೇ. ನಮ್ಮ ಜಮೀನು, ತಾಲ್ಲೂಕು, ತಹಶೀಲ್ದಾರ್, ಜಿಲ್ಲೆ ಎಲ್ಲ ಪಾರಸಿ ಅರಬ್ಬಿ ಮೂಲದವು ಎಂದು ನೆನಪಾದರೆ ಇದು ಹೊಸದಲ್ಲ. ಕಂದಾಯವನ್ನು ನಾವು ಯಾರ ಆಳ್ವಿಕೆಯಲ್ಲಿ ಕಟ್ಟಿದೆವು ಎಂದು ನಮ್ಮ ಪದಗಳು ಹೇಳುತ್ತವೆ. ದನ ಕಾಯುವುದನ್ನು ಯಾರಿಂದ ಕಲಿತೆವು ಎಂದು ಅವರ ಪದಗಳು. ಸಿನಿಮಾದ ಕೌಬಾಯ್ ಬಿಳಿಯನಾಗಿದ್ದ ಎಂಬುದು ಬೇರೆ ಮಾತು. ನಿಜವಾದ ಮಂದೆಗಳ ಹಿಂದೆ ಮೆಕ್ಸಿಕೋದವರು, ಕರಿಯರು, ಮೂಲನಿವಾಸಿಗಳು ದೊಡ್ಡ ಸಂಖ್ಯೆಯಲ್ಲೇ ಇದ್ದರು.

ಇನ್ನು ಮುದ್ರೆಯ ಓದು. ದನದ ಮೈಮೇಲೆ ಕಾಸಿದ ಕಬ್ಬಿಣದಿಂದ ಹಾಕುವ ಗುರುತು ಕೇವಲ ಗುರುತಲ್ಲ, ಅದೊಂದು ಲಿಪಿ. ರಾಜ್ಯ ಸರ್ಕಾರದಲ್ಲಿ ನೋಂದಾಯಿಸಿದ ಆಸ್ತಿ. ಮಾರಬಹುದು, ಮಕ್ಕಳಿಗೆ ಬರೆದಿಡಬಹುದು. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಓದಬೇಕು. ನಮ್ಮ "ಗ" ಅಕ್ಷರವನ್ನೇ ತೆಗೆದುಕೊಳ್ಳಿ. ಅದನ್ನು ಪಕ್ಕಕ್ಕೆ ಮಲಗಿಸಿದರೆ "ಸೋಮಾರಿ ಗ". ಕೆಳಗೆ ಬಾಗಿದ ಗೆರೆ ಎಳೆದರೆ ತೊಟ್ಟಿಲಿನ ಹಾಗೆ "ತೂಗುವ ಗ". ಎರಡು ಬದಿಗೆ ರೆಕ್ಕೆ ಇಟ್ಟರೆ "ಹಾರುವ ಗ". ಮೇಲೆ ಅಡ್ಡಗೆರೆ ಎಳೆದರೆ "ಬಾರ್ ಗ". ಎಡ ತೊಡೆಯ ಮೇಲಿದ್ದರೆ ಒಬ್ಬರದು, ಬಲ ಪಕ್ಕೆಯ ಮೇಲಿದ್ದರೆ ಇನ್ನೊಬ್ಬರದು. ಅಕ್ಷರ ಬಾರದವರೂ ನೂರು ಗಜದಿಂದ ಇದನ್ನು ಓದುತ್ತಿದ್ದರು.

ಭಾಷಣಕಾರರು ಪರದೆಯ ಮೇಲೆ ಹಳೆಯ ಮುದ್ರೆಯೊಂದನ್ನು ತೋರಿಸಿ ಹೆಸರು ಹೇಳಿದರು. ಮೂರನೇ ಸಾಲಿನಿಂದ ಒಬ್ಬ ಹೆಂಗಸು "ಅಲ್ಲ" ಅಂದರು. ಅದು ತೂಗುವ ಅಕ್ಷರವಲ್ಲವಂತೆ. ಅವರ ಮಾವನವರ ಕಬ್ಬಿಣ ಒಂದು ಬದಿ ಸವೆದು ಅಡ್ಡಗೆರೆ ಬಾಗಿದ ಹಾಗೆ ಬೀಳುತ್ತಿತ್ತಂತೆ, ಅಷ್ಟೇ. ಹಾಲ್ ಒಂದು ಕ್ಷಣ ಸ್ತಬ್ಧ. ಆಮೇಲೆ ಭಾಷಣಕಾರರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು.

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ತಿರುಳು ಈ "ಅಲ್ಲ". ಸಾಮಾನ್ಯ ಉಪನ್ಯಾಸದಲ್ಲಿ ಗೊತ್ತಿರುವವರು ವೇದಿಕೆ ಮೇಲೆ, ಗೊತ್ತಿಲ್ಲದವರು ಕೆಳಗೆ. ಇಲ್ಲಿ ಅದು ತಿರುಗುಮುರುಗು. ನಲವತ್ತು ನಿಮಿಷದ ಭಾಷಣ ಒಂದು ನೆಪ, ಒಂದು ಎರೆ. ಸರಿಯಾಗಿ ಹೇಳಿದರೆ ಜನ ತಲೆದೂಗುತ್ತಾರೆ. ಕೊಂಚ ತಪ್ಪಿದರೆ ಬಾಯಿಬಿಡುತ್ತಾರೆ. ರ‍್ಯಾಂಚಿನ ಮಂದಿ ತಮ್ಮ ಬದುಕಿನ ಬಗ್ಗೆ ತಾವಾಗಿ ಹೇಳಿಕೊಳ್ಳುವವರಲ್ಲ, ಅದು ಜಂಬ ಎನ್ನಿಸಿಕೊಳ್ಳುತ್ತದೆ. ಆದರೆ ತಪ್ಪು ತಿದ್ದುವುದು ಜಂಬವಲ್ಲ, ಅದು ಕರ್ತವ್ಯ. ಜಾಣ ಗ್ರಂಥಪಾಲಕರು ಪ್ರಶ್ನೋತ್ತರದ ಹೊತ್ತಿನಲ್ಲೂ ರೆಕಾರ್ಡರ್ ಆರಿಸುವುದಿಲ್ಲ.

ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದ ಉದಾಹರಣೆ ಅದೇ ಸೀಮೆಯಲ್ಲಿದೆ. ಅಮೆರಿಕದ ಸಂಸತ್ ಗ್ರಂಥಾಲಯದೊಳಗೆ 1976ರಲ್ಲಿ ಜಾನಪದ ಕೇಂದ್ರವೊಂದು ಶುರುವಾಯಿತು. ಅದರ ಕ್ಷೇತ್ರತಜ್ಞರು 1978ರಿಂದ 1982ರವರೆಗೆ ನೆವಾಡದ ಪ್ಯಾರಡೈಸ್ ಕಣಿವೆಗೆ ಹೋಗಿ ಬಂದು ಮಾಡಿದರು. ವಿಲಿಯಂ ಸ್ಟಾಕ್ ಎಂಬ ಜರ್ಮನ್ ವಲಸಿಗ 1864ರಲ್ಲಿ ನೆಲೆ ಹೂಡಿದ "ತೊಂಬತ್ತಾರು" ಎಂಬ ಹೆಸರಿನ ರ‍್ಯಾಂಚ್ ಅವರ ಕೇಂದ್ರ. ಕರುವಿಗೆ ಮುದ್ರೆ ಹಾಕುವುದು, ಹುಲ್ಲು ಒಟ್ಟುವುದು, ಬೆಟ್ಟದಿಂದ ಮಂದೆ ಇಳಿಸುವುದು, ಬಂಕ್‌ಹೌಸ್ ಎಂಬ ಆಳುಗಳ ಮನೆಯ ಊಟ, ಎಲ್ಲವನ್ನೂ ದಾಖಲಿಸಿಕೊಂಡರು. ಅದರಲ್ಲಿ 41 ಚಿತ್ರತುಣುಕುಗಳು, 28 ಧ್ವನಿಮುದ್ರಣಗಳು ಇಂದು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತಿವೆ. ಬಿಡುವಿದ್ದಾಗ ನೋಡಿ. ರ‍್ಯಾಂಚಿನ ಯಜಮಾನರು ತಮ್ಮದೇ ಮನೆಯ ಹಳೆಯ ಫಿಲಂ ರೀಲಿಗೆ ವಿವರಣೆ ಕೊಡುತ್ತಾ ಹೋಗುವುದು ಅದರಲ್ಲಿ ನನಗೆ ತುಂಬಾ ಹಿಡಿಸಿದ ಭಾಗ.

ಬರವಣಿಗೆ ಇದರಲ್ಲಿ ಎಲ್ಲಿ ಬಂತು? ದನಗಾಹಿಗಳೂ ಕವಿತೆಯೂ ಎಂದರೆ ನಗುವವರು ಇದ್ದಾರೆ. ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಕೇಳಿದ ನಾವು ನಗಬಾರದು. ದನದ ಹಿಂದೆ ಅಲೆಯುವವನ ಬಳಿ ಪುಸ್ತಕವಿಲ್ಲ, ಹೊತ್ತು ಬೇಕಾದಷ್ಟಿದೆ. 1867ರಿಂದ ಸುಮಾರು ಇಪ್ಪತ್ತು ವರ್ಷ ಟೆಕ್ಸಾಸಿನಿಂದ ಕಾನ್ಸಾಸಿನ ರೈಲು ನಿಲ್ದಾಣಗಳತ್ತ ಮಂದೆ ಅಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲಿ ರಾತ್ರಿ ಕಾವಲಿನವರು ದನ ಬೆದರದಿರಲೆಂದು ಸುತ್ತ ಕುದುರೆ ನಡೆಸುತ್ತಾ ಹಾಡುತ್ತಿದ್ದರು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬಿದ್ದು, ರೈಲು ಹತ್ತಿರ ಬಂದು, ಆ ದೀರ್ಘ ಯಾನ ಮುಗಿಯಿತು. ಹಾಡು ಮುಗಿಯಲಿಲ್ಲ. 1910ರಲ್ಲಿ ಜಾನ್ ಲೋಮ್ಯಾಕ್ಸ್ ಅವನ್ನು ಕಲೆಹಾಕಿ ಅಚ್ಚು ಮಾಡಿದರು.

ಈ ಪದ್ಯಗಳ ಕಟ್ಟು ಸರಳ: ಸಾಲಿಗೆ ನಾಲ್ಕು ಪೆಟ್ಟು ಅಥವಾ ನಾಲ್ಕು ಮೂರು ನಾಲ್ಕು ಮೂರು, ಕೊನೆಯಲ್ಲಿ ಪ್ರಾಸ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂತು ಸಾಲಿನ ಬಾಗಿಲು ತೆಗೆಯುತ್ತದೆ. ಅವರದ್ದು ಕೊನೆಗೆ ಕೂತು ಬಾಗಿಲು ಹಾಕುತ್ತದೆ. ಎರಡರ ಕೆಲಸ ಒಂದೇ: ಮರೆಯದ ಹಾಗೆ ನೋಡಿಕೊಳ್ಳುವುದು. ಕುದುರೆಯ ನಡಿಗೆಗೆ ಹೊಂದುವ ಲಯ ಅದು ಎಂದು ಹೇಳುವವರುಂಟು. ಕೇಳಲು ಚೆಂದ, ನನಗೆ ಪೂರ್ತಿ ನಂಬಿಕೆಯಿಲ್ಲ. ಬ್ರಿಟನ್ನಿನ ಹಳೆಯ ಲಾವಣಿಗಳಲ್ಲೂ ಇದೇ ಪೆಟ್ಟು ಇದೆ, ಅದನ್ನು ಹಾಡುತ್ತಿದ್ದವರೆಲ್ಲ ಕುದುರೆ ಏರಿದವರಲ್ಲ.

ಬ್ರೂಸ್ ಕಿಸ್ಕಾಡನ್ (1878–1950) ಎಂಬ ಮಾಜಿ ಕೌಬಾಯ್ ಲಾಸ್ ಏಂಜಲಿಸ್‌ನ ಹೋಟೆಲುಗಳಲ್ಲಿ ಗಿರಾಕಿಗಳ ಸಾಮಾನು ಹೊರುವ ಕೆಲಸ ಮಾಡುತ್ತಾ ಬಿಡುವಿನಲ್ಲಿ ಪದ್ಯ ಬರೆಯುತ್ತಿದ್ದರು. ಅವು ಪ್ರಕಟವಾದದ್ದು ದನದ ಮಾರುಕಟ್ಟೆಯವರು ಹಂಚುತ್ತಿದ್ದ ಕ್ಯಾಲೆಂಡರಿನಲ್ಲಿ, ತಿಂಗಳಿಗೊಂದು. ರ‍್ಯಾಂಚಿನ ಅಡಿಗೆಮನೆಗಳ ಗೋಡೆಯ ಮೇಲೆ ವರ್ಷಪೂರ್ತಿ ತೂಗಾಡಿದ ಕವಿತೆ. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೆ ತಿಂಗಳಿಗೊಂದು ಪದ್ಯ ಅಚ್ಚಾಗಿದ್ದರೆ ಎಷ್ಟು ಜನಕ್ಕೆ ಬಾಯಿಪಾಠ ಬರುತ್ತಿತ್ತೋ!

ಇದೆಲ್ಲ ಮೂಲೆಯಲ್ಲಿದ್ದ ಸಂಗತಿ. ಹಾಲ್ ಕ್ಯಾನನ್ ಎಂಬುವರು ಮತ್ತು ಪಶ್ಚಿಮದ ರಾಜ್ಯಗಳ ಕೆಲವು ಜಾನಪದ ತಜ್ಞರು ಸೇರಿ 1985ರ ಜನವರಿ ಕೊನೆಯಲ್ಲಿ ಎಲ್ಕೋ ಪಟ್ಟಣದಲ್ಲಿ ಕೌಬಾಯ್ ಕಾವ್ಯದ ಕೂಟ ಕರೆದರು. ಜನವರಿ ಯಾಕೆ, ಅಷ್ಟು ಚಳಿಯಲ್ಲಿ? ಕವಿಗಳಿಗೆ ಅದೊಂದೇ ಬಿಡುವು. ಆಮೇಲೆ ಕರು ಹಾಕುವ ಕಾಲ, ರಾತ್ರಿ ನಿದ್ದೆಯಿಲ್ಲ. ಕೂಟ ಅಂದಿನಿಂದ ಬೆಳೆದು, 2000ದಲ್ಲಿ ಅಮೆರಿಕದ ಸೆನೆಟ್ ಅದಕ್ಕೆ "ರಾಷ್ಟ್ರೀಯ" ಎಂಬ ಮನ್ನಣೆ ಕೊಟ್ಟಿತು. ನೆವಾಡದ ಬಕರೂ ವ್ಯಾಡಿ ಮಿಚೆಲ್, ಪಶುವೈದ್ಯರಾಗಿದ್ದ ಬ್ಯಾಕ್ಸ್‌ಟರ್ ಬ್ಲ್ಯಾಕ್ ಮುಂತಾದವರು ಟಿವಿ ರೇಡಿಯೋಗಳಲ್ಲಿ ಮನೆಮಾತಾದರು. ಇವತ್ತು ಗ್ರಂಥಾಲಯಗಳಲ್ಲಿ ನಡೆಯುವ ಅನೇಕ ಸಂಜೆಗಳು ಆ ಕೂಟದ ಚಿಕ್ಕ ಕವಲುಗಳು.

ಪದ್ಯ ಬಾರದವರಿಗೆ ಗದ್ಯದ ಕಮ್ಮಟ. ರ‍್ಯಾಂಚಿನ ದಿನಚರಿಗಳು ಕಂಜೂಸಿನವು: ಹವೆ, ಹುಲ್ಲಿನ ರಾಶಿ, ಸತ್ತ ಕರು. ಮಗಳ ಮದುವೆಯ ದಿನವೂ ಅಷ್ಟೇ, ಒಂದು ಸಾಲು. ಅದನ್ನು ಹಿಡಿದು ಬರೆಸುವವರಿಗೆ ಒಂದು ಉಪಾಯ ಗೊತ್ತು. "ನಿಮ್ಮ ಜೀವನದ ಬಗ್ಗೆ ಬರೆಯಿರಿ" ಎಂದರೆ ಕಾಗದ ಖಾಲಿ ಉಳಿಯುತ್ತದೆ. "ಬೆಳಿಗ್ಗೆ ಎದ್ದು ಮೊದಲು ತೆಗೆಯುತ್ತಿದ್ದ ಗೇಟು ಯಾವುದು, ಅದಕ್ಕೆ ಚಿಲಕ ಹೇಗಿತ್ತು?" ಎಂದು ಕೇಳಿದರೆ ಪೆನ್ನು ಓಡುತ್ತದೆ. ತಂತಿಯ ಗೇಟು, ಅದನ್ನು ಬಿಗಿಯಲು ಹೆಗಲು ಕೊಡಬೇಕು, ಅಪ್ಪ ಹೇಗೆ ಬೈಯುತ್ತಿದ್ದ, ಕೈಗವಸು ಹರಿದದ್ದು. ಗೇಟಿನಿಂದ ಒಳಗೆ ಹೋದರೆ ಇಡೀ ಮನೆತನ ಸಿಗುತ್ತದೆ. ನಮ್ಮಲ್ಲಿ ಯಾರಾದರೂ ಅಜ್ಜಿಯ ಕಥೆ ಬರೆಸಲು ಹೊರಟಿದ್ದರೆ ಹಟ್ಟಿಯ ಬಾಗಿಲಿನಿಂದಲೇ ಶುರುಮಾಡಿ.

ಎಲ್ಲ ಬರಹವೂ ಕಾಗದದ ಮೇಲಿಲ್ಲ. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಪಿರನೀಸ್ ಬೆಟ್ಟಗಳಿಂದ ಬಂದ ಬಾಸ್ಕ್ ಯುವಕರು ನೆವಾಡದ ಬೆಟ್ಟಗಳಲ್ಲಿ ಕುರಿ ಕಾದರು. ಎಲ್ಕೋದಲ್ಲಿ 1910ರಲ್ಲಿ ಶುರುವಾದ ಸ್ಟಾರ್ ಹೋಟೆಲ್ ಚಳಿಗಾಲಕ್ಕೆ ಅವರ ಮನೆಯಾಗಿತ್ತು. ಬೇಸಿಗೆಯಿಡೀ ಒಬ್ಬನೇ, ನಾಯಿ, ಸಾವಿರಾರು ಕುರಿ. ಚಾಕುವಿನ ಮೊನೆಯಿಂದ ಆಸ್ಪೆನ್ ಮರದ ಬಿಳಿ ತೊಗಟೆ ಮೇಲೆ ತೆಳ್ಳಗೆ ಗೀರುತ್ತಿದ್ದರು: ಹೆಸರು, ವರ್ಷ, ಹುಟ್ಟಿದೂರು, ಕೆಲವೊಮ್ಮೆ ಹೆಣ್ಣಿನ ಚಿತ್ರ, ಕೆಲವೊಮ್ಮೆ ಒಡೆಯನಿಗೆ ಬೈಗುಳ. ಗೀರಿದ ದಿನ ಅದು ಕಾಣುವುದೇ ಇಲ್ಲ. ಮರ ಬೆಳೆದ ಹಾಗೆ ಗಾಯ ಕಪ್ಪಾಗಿ ಅಕ್ಷರ ಮೇಲೇಳುತ್ತದೆ. ಬರೆದವನು ತನ್ನ ಬರಹ ಪೂರ್ತಿ ಕಂಡಿರಲಾರ. 1934ರ ಟೇಲರ್ ಕಾಯ್ದೆ ಬಂದು, ಸ್ವಂತ ಜಮೀನಿಲ್ಲದವರಿಗೆ ಹುಲ್ಲಿನ ಚೀಟಿ ಸಿಗದಂತಾಗಿ, ಅಲೆಮಾರಿ ಕುರಿಗಾಹಿಯ ಕಾಲ ಮುಗಿಯಿತು. ಆಸ್ಪೆನ್ ಬದುಕುವುದು ಹೆಚ್ಚುಕಡಿಮೆ ನೂರು ವರ್ಷ. ಈಗ ಆ ಮರಗಳು ಒಂದೊಂದಾಗಿ ಬೀಳುತ್ತಿವೆ. ಕಾಂಡಕ್ಕೆ ಬಟ್ಟೆ ಸುತ್ತಿ, ಮೇಣ ಉಜ್ಜಿ ಅಚ್ಚು ತೆಗೆದಿಡುವವರು ಇದ್ದಾರೆ. ಕಾಡೊಂದು ಗ್ರಂಥಾಲಯವಾಗಿ, ಅದರ ಪುಸ್ತಕಗಳು ಸಾಯುತ್ತಿರುವುದು ಇನ್ನೆಲ್ಲೂ ನಾನು ಕೇಳಿಲ್ಲ.

ಪರಂಪರೆ ಎಂದಾಗ ಯಾರ ಪರಂಪರೆ ಎಂಬ ಪ್ರಶ್ನೆ ಆ ಹಾಲಿನಲ್ಲಿ ಸದಾ ಕಾಲಡಿಯಲ್ಲಿರುತ್ತದೆ. ಆ ನೆಲ ಪಶ್ಚಿಮ ಶೊಶೋನಿ ಜನರದು. 1863ರ ರೂಬಿ ಕಣಿವೆ ಒಪ್ಪಂದದಲ್ಲಿ ಅವರು ದಾರಿ ಬಿಟ್ಟುಕೊಟ್ಟರು. ನೆಲ ಬರೆದುಕೊಟ್ಟ ಮಾತು ಅದರಲ್ಲಿಲ್ಲ. ಆದರೂ ನೆಲ ಹೋಯಿತೆಂದು ಲೆಕ್ಕ ಹಾಕಿದ ಸರ್ಕಾರ 1979ರಲ್ಲಿ 2.6 ಕೋಟಿ ಡಾಲರ್ ಪರಿಹಾರವನ್ನು ಖಜಾನೆಯ ಖಾತೆಯೊಂದಕ್ಕೆ ಜಮಾ ಮಾಡಿತು. ಮೇರಿ ಮತ್ತು ಕ್ಯಾರಿ ಡ್ಯಾನ್ ಎಂಬ ಶೊಶೋನಿ ಸಹೋದರಿಯರು, ಅವರೂ ರ‍್ಯಾಂಚಿನವರೇ, "ನಮ್ಮ ನೆಲದಲ್ಲಿ ನಮ್ಮ ದನ ಮೇಯಲು ನಿಮ್ಮ ಚೀಟಿ ಯಾಕೆ" ಎಂಬ ನಿಲುವು ಹಿಡಿದರು. ಜನ ಹಣ ಮುಟ್ಟದಿದ್ದರೂ ಖಾತೆಗೆ ಬಿದ್ದದ್ದೇ ಪಾವತಿ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1985ರ ಫೆಬ್ರವರಿ 20ರಂದು. ಎಲ್ಕೋದಲ್ಲಿ ಮೊದಲ ಕಾವ್ಯಕೂಟ ಮುಗಿದು ಕೆಲವೇ ವಾರ. ಒಂದೇ ಸೀಮೆ, ಒಂದೇ ಚಳಿಗಾಲ: ಒಂದು ಕಡೆ ದನಗಾಹಿ ಬದುಕಿಗೆ ಚಪ್ಪಾಳೆ, ಇನ್ನೊಂದು ಕಡೆ ಇಬ್ಬರು ದನಗಾಹಿ ಹೆಂಗಸರ ಸೋಲು. ಅವರು ಆಮೇಲೂ ದನ ಬಿಡುವುದು ನಿಲ್ಲಿಸಲಿಲ್ಲ. 2002–03ರಲ್ಲಿ ಅಧಿಕಾರಿಗಳು ಬಂದು ದನ, ಕುದುರೆ ಹಿಡಿದೊಯ್ದರು. ಈ ಭಾಗ ಬಿಟ್ಟು ರ‍್ಯಾಂಚ್ ಪರಂಪರೆ ಹೇಳುವ ಸಂಜೆ ನನಗೆ ಅರೆಬೆಂದ ಅನ್ನದ ಹಾಗೆ.

ನಮ್ಮದೂ ಒಂದು ಎಳೆ ಈ ಹಗ್ಗದಲ್ಲಿದೆ, ನೆವಾಡದಲ್ಲಲ್ಲ, ಟೆಕ್ಸಾಸಿನ ಸೆಕೆಯಲ್ಲಿ. ಯುರೋಪಿನ ದನಗಳಿಗೆ ಅಲ್ಲಿನ ಬಿಸಿಲು, ಉಣ್ಣೆ ಹುಳು ತಡೆಯಲಾಗುತ್ತಿರಲಿಲ್ಲ. ಭಾರತದ ಡುಬ್ಬದ ದನಗಳನ್ನು ತರಿಸಿ ಬೆರಕೆ ಮಾಡಿದರು: ಗಿರ್, ಕಾಂಕ್ರೇಜ್, ಓಂಗೋಲ್, ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿ. ಹುಟ್ಟಿದ ತಳಿಗೆ ಇಟ್ಟ ಹೆಸರು ಬ್ರಾಹ್ಮನ್; ಸಾಕುವುದು ಮಾಂಸಕ್ಕೆ. 1924ರಲ್ಲಿ ಅದರ ತಳಿಗಾರರ ಸಂಘ ಕಟ್ಟಿದರು. ಬೆಳಗಾವಿ, ವಿಜಯಪುರದ ಎರೆನೆಲ ಉಳುತ್ತಿದ್ದ ಎತ್ತಿನ ನೆತ್ತರು ರೋಡಿಯೋ ಅಖಾಡದಲ್ಲಿ ಕೌಬಾಯ್‌ನನ್ನು ಎತ್ತಿ ಒಗೆಯುತ್ತಿದೆ. ಇದನ್ನು ನಾನು ಆ ಸಂಜೆ ಕಾಫಿಯ ಹೊತ್ತಿನಲ್ಲಿ ಹೇಳಿದೆ. ದನದ ಲೆಕ್ಕ ಕೇಳಿ ಕಳೆದುಕೊಂಡ ಮರ್ಯಾದೆ ಸ್ವಲ್ಪ ವಾಪಸು ಬಂತೆಂದು ಕಾಣುತ್ತದೆ. ಅಜ್ಜ "ಆ ಹೋರಿಗಳ ತಂಟೆ ನನಗೆ ಬೇಡ" ಅಂದರು, ನಗುತ್ತಲೇ.

ಕೊನೆಗೆ ಫೋಟೋ ಗುರುತಿಸುವ ಕಾರ್ಯಕ್ರಮ. ಮನೆಗಳಿಂದ ತಂದ ಹಳೆ ಚಿತ್ರಗಳನ್ನು ಗ್ರಂಥಾಲಯದವರು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಹಾಕಿ, "ಇದು ಯಾರು?" ಎನ್ನುತ್ತಾ ಹೋದರು. ಒಂದು ಚಿತ್ರದಲ್ಲಿ ಹಿಮದ ಮೇಲೆ ಒಬ್ಬ ಸವಾರ, ಮುಖದ ಮೇಲೆ ಟೋಪಿಯ ನೆರಳು. ಯಾರಿಗೂ ಗುರುತು ಸಿಗಲಿಲ್ಲ. ತಡಿಯ ಆಕಾರ ನೋಡಿ ಕಾಲ ಹೇಳಿದರು, ಹಿಂದಿನ ಬೆಟ್ಟ ನೋಡಿ ಜಾಗ ಹೇಳಿದರು. ಆಗ ನಾಲ್ಕು ಬೆರಳಿನವರು ಮುಂದಕ್ಕೆ ಬಾಗಿ, "ಕುದುರೆ ಗೊತ್ತು" ಅಂದರು. ಮುಂಗಾಲಿನ ಬಿಳಿ ಕಲೆ ತೋರಿಸಿ ಅದರ ಹೆಸರನ್ನೂ ಹೇಳಿದರು. ಇನ್ನಿಬ್ಬರು ಹೌದು ಹೌದು ಎಂದರು. ಗ್ರಂಥಪಾಲಕಿ ಮೂಲ ಫೋಟೋವನ್ನು ತಿರುಗಿಸಿ, ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಕುದುರೆಯ ಹೆಸರು ಬರೆದು, ಸವಾರನ ಹೆಸರಿಗೆಂದು ಮೇಲೆ ಒಂದು ಗೆರೆಯಷ್ಟು ಜಾಗ ಖಾಲಿ ಬಿಟ್ಟರು.